ಚಳಿಗಾಲಕ್ಕೆ ಮನೆ ಮತ್ತು ಕೈತೋಟದ ಸಿದ್ಧತೆ

ಕರ್ನಾಟಕದಿಂದ ಬಂದು ದೆಹಲಿಯಲ್ಲಿ ನೆಲೆಸುವ ಕುಟುಂಬಗಳು ಮೊದಲ ವರ್ಷ ಇಲ್ಲಿನ ಬೇಸಗೆಗೆ ಅಂಜುವಷ್ಟು ಚಳಿಗೆ ಅಂಜುವುದಿಲ್ಲ. ಮಾಗಿಯ ಚಳಿಯನ್ನು ಒಂದು ಕಂಬಳಿಯಿಂದ ನಿವಾರಿಸಿಕೊಂಡು ಬೆಳೆದವರಿಗೆ ಇದು ಸಹಜವೇ ಆಗಿದೆ. ಆದರೆ ಡಿಸೆಂಬರ್ ಕೊನೆಯಿಂದ ಜನವರಿಯ ಮಧ್ಯಭಾಗದವರೆಗೆ ಇಲ್ಲಿ ರಾತ್ರಿಯ ಉಷ್ಣತೆಯು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಅಪರೂಪವಲ್ಲ. ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣತೆಯು 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾದಾಗ ಹವಾಮಾನ ಇಲಾಖೆಯು ಅದನ್ನು ಶೀತದ ಅಲೆಯೆಂದು ಪರಿಗಣಿಸುತ್ತದೆ. 1935ರ ಜನವರಿ 16ರಂದು ದೆಹಲಿಯಲ್ಲಿ ಶೂನ್ಯಕ್ಕಿಂತಲೂ 0.6 ಡಿಗ್ರಿ ಕೆಳಗಿನ ಉಷ್ಣತೆ ದಾಖಲಾಗಿತ್ತು. ಆದ್ದರಿಂದ ವಿಜಯದಶಮಿ ಕಳೆಯುತ್ತಲೇ ಸಿದ್ಧತೆಯನ್ನು ಆರಂಭಿಸುವುದು ಸೂಕ್ತ.

ನಗರದ ಬಹುಪಾಲು ಮನೆಗಳು ಬೇಸಗೆಯನ್ನು ಲಕ್ಷ್ಯದಲ್ಲಿರಿಸಿ ಕಟ್ಟಿದವು. ಕಿಟಕಿಯ ಚೌಕಟ್ಟುಗಳಲ್ಲಿ ಬಿರುಕುಗಳಿರುತ್ತವೆ. ಸಿಮೆಂಟಿನ ಛಾವಣಿಯು ಇರುಳಲ್ಲಿ ಬೇಗನೆ ತಣ್ಣಗಾಗುತ್ತದೆ. ಚಳಿಗಾಲದಲ್ಲಿ ಈ ಮನೆಗಳಿಗೆ ದೊರೆಯುವ ಉಚಿತ ಶಾಖವೆಂದರೆ ಬಿಸಿಲು. ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ದೆಹಲಿಯ ಸೂರ್ಯನು ದಿಗಂತದಿಂದ ಕೇವಲ 38 ಡಿಗ್ರಿ ಎತ್ತರದಲ್ಲಿರುತ್ತಾನೆ. ಬೆಂಗಳೂರಿನಲ್ಲಿ ಅದೇ ಹೊತ್ತಿಗೆ 53 ಡಿಗ್ರಿಗೂ ಮೇಲಿರುತ್ತಾನೆ. ಹೀಗೆ ತಗ್ಗಿನಲ್ಲಿ ಚಲಿಸುವ ಸೂರ್ಯನ ಬಿಸಿಲು ದಕ್ಷಿಣದ ಕಿಟಕಿಯ ಮೂಲಕ ಕೋಣೆಯ ಒಳಭಾಗದವರೆಗೂ ಚಾಚುತ್ತದೆ. ಹತ್ತು ಗಂಟೆಯಿಂದ ಮೂರು ಗಂಟೆಯವರೆಗೆ ಆ ಕಿಟಕಿಯ ಪರದೆಗಳನ್ನು ಸರಿಸಿಟ್ಟು, ಸೂರ್ಯಾಸ್ತಕ್ಕೆ ಮೊದಲೇ ದಪ್ಪ ಪರದೆಯನ್ನು ಎಳೆದರೆ ಆಗುವ ಪ್ರಯೋಜನ ಅಲ್ಪವಲ್ಲ. ವೃದ್ಧರ ಮತ್ತು ಶಿಶುಗಳ ಮಂಚವನ್ನು ಉತ್ತರದ ಗೋಡೆಗೆ ತಾಗಿಸಿ ಹಾಕಬಾರದು. ರಜಾಯಿ ಹಾಗೂ ಉಣ್ಣೆಯ ಬಟ್ಟೆಗಳನ್ನು ಮೊದಲೇ ಎರಡು ದಿನ ಬಿಸಿಲಿಗೆ ಹರವಿ, ಗಂಟುಕಟ್ಟಿದ ಹತ್ತಿಯನ್ನು ಹಿಂಜಿಸಿಕೊಳ್ಳಬೇಕು. ಹತ್ತಿಯ ಎಳೆಗಳ ನಡುವೆ ಸಿಕ್ಕ ಗಾಳಿಯೇ ಬೆಚ್ಚಗಿಡುವುದು. ಗಂಟುಗಟ್ಟಿದ ರಜಾಯಿ ಬರಿಯ ಭಾರ.

ಅಗ್ಗಿಷ್ಟಿಕೆಯ ಅಪಾಯ

ಬಿರುಕುಗಳನ್ನು ಮುಚ್ಚುವಾಗಲೇ ಒಂದು ಎಚ್ಚರಿಕೆ ಅವಶ್ಯ. ಹಿಂದಿಯ ಅಂಗೀಠಿಯೂ ಕನ್ನಡದ ಅಗ್ಗಿಷ್ಟಿಕೆಯೂ ಒಂದೇ ಸಂಸ್ಕೃತ ಮೂಲದಿಂದ ಬಂದ ಪದಗಳು, ವಸ್ತುವೂ ಒಂದೇ. ಮಲೆನಾಡಿನ ಮನೆಗಳಲ್ಲಿ ಕೆಂಡದ ಮುಂದೆ ಕುಳಿತು ಮೈ ಕಾಯಿಸಿಕೊಳ್ಳುವ ರೂಢಿ ಹಳೆಯದು. ಅಲ್ಲಿ ಹೆಂಚಿನ ಸಂದುಗಳಿಂದ ಹೊಗೆ ಹೊರಹೋಗುತ್ತಿತ್ತು. ಹಂಡೆಯ ಒಲೆಯೋ ಬಚ್ಚಲುಮನೆಯಲ್ಲಿ, ಮಲಗುವ ಕೋಣೆಯಿಂದ ದೂರದಲ್ಲಿರುತ್ತಿತ್ತು. ಹೆಂಚಿನ ಮನೆಯಲ್ಲಿ ನಿರಪಾಯವಾಗಿದ್ದ ರೂಢಿಯನ್ನು ಬಾಗಿಲು ಕಿಟಕಿಗಳನ್ನು ಭದ್ರಪಡಿಸಿದ ಸಿಮೆಂಟಿನ ಕೋಣೆಗೆ ತಂದರೆ ಅದು ಪ್ರಾಣಾಂತಿಕವಾಗಬಲ್ಲದು. ಉತ್ತರ ಭಾರತದಲ್ಲಿ ಪ್ರತಿ ಚಳಿಗಾಲವೂ ಇಂಥ ಸಾವುಗಳು ವರದಿಯಾಗುತ್ತವೆ.

ಇದಕ್ಕೆ ಕಾರಣ ಕಾರ್ಬನ್ ಮಾನಾಕ್ಸೈಡ್ ಅನಿಲ. ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಇದು ಹೇರಳವಾಗಿ ಉತ್ಪತ್ತಿಯಾಗುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ನಿಂತು ಕೆಂಡ ನಿಗಿನಿಗಿಸುವಾಗ ಅಪಾಯ ಕಳೆಯಿತೆಂದು ಜನ ಭಾವಿಸುವುದುಂಟು. ವಾಸ್ತವದಲ್ಲಿ ಆಗಲೂ ಅನಿಲ ಹೊಮ್ಮುತ್ತಲೇ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲಕ್ಕೆ ಅಂಟಿಕೊಳ್ಳುವುದರಿಂದ ದೇಹದ ಅಂಗಗಳಿಗೆ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ಓಕರಿಕೆ, ತಲೆಸುತ್ತು, ಮಂಪರು ಇದರ ಮೊದಲ ಲಕ್ಷಣಗಳು. ನಿದ್ರೆಯಲ್ಲಿರುವವರಿಗೆ ಇವು ತಿಳಿಯುವುದೇ ಇಲ್ಲ. ಮನೆಯ ಹಲವರಿಗೆ ಒಮ್ಮೆಲೇ ತಲೆನೋವು ಬಂದು, ಹೊರಗೆ ಹೋದಾಗ ಅದು ಕಡಿಮೆಯಾದರೆ ಈ ಅನಿಲವನ್ನೇ ಶಂಕಿಸಬೇಕು.

ಆದಕಾರಣ ಮಲಗುವ ಕೋಣೆಯಲ್ಲಿ ಕೆಂಡವನ್ನು ಇಡಲೇಬಾರದು. ಬೂದಿ ಮುಚ್ಚಿದ ಕೆಂಡವೂ ಇದಕ್ಕೆ ಹೊರತಲ್ಲ. ಗ್ಯಾಸ್ ಗೀಸರನ್ನು ಸ್ನಾನದ ಕೋಣೆಯ ಹೊರಗೆ, ಗಾಳಿಯಾಡುವ ಸ್ಥಳದಲ್ಲಿ ಜೋಡಿಸಿ, ಅದರ ಹೊಗೆಯ ಕೊಳವೆ ಬಯಲಿಗೆ ತೆರೆದಿರುವಂತೆ ನೋಡಿಕೊಳ್ಳಬೇಕು. ಅದು ಈಗಾಗಲೇ ಒಳಗಿದ್ದು ಕೂಡಲೇ ಸ್ಥಳಾಂತರ ಸಾಧ್ಯವಿಲ್ಲದಿದ್ದಲ್ಲಿ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಂಡು, ಗೀಸರನ್ನು ಆರಿಸಿದ ನಂತರವೇ ಸ್ನಾನಕ್ಕೆ ಹೋಗಬೇಕು. ಚಳಿ ಎಷ್ಟೇ ಇರಲಿ, ಗವಾಕ್ಷಿಗೆ ಕಾಗದ ಅಂಟಿಸಬಾರದು. ಯಾರಾದರೂ ಪ್ರಜ್ಞೆ ತಪ್ಪಿದ್ದು ಕಂಡುಬಂದರೆ ಬಾಗಿಲು ಕಿಟಕಿಗಳನ್ನು ತೆರೆದು, ಅವರನ್ನು ತಕ್ಷಣ ಬಯಲಿಗೆ ಸಾಗಿಸಿ, 112ಕ್ಕೆ ಕರೆಮಾಡಬೇಕು. ಹೊರಗೆ ಬಂದು ಚೇತರಿಸಿಕೊಂಡವರಿಗೂ ಆಸ್ಪತ್ರೆಯಲ್ಲಿ ಆಮ್ಲಜನಕದ ಚಿಕಿತ್ಸೆ ಬೇಕಾಗಬಹುದು.

ವಿದ್ಯುತ್ ಹೀಟರು ಈ ಅನಿಲವನ್ನು ಬಿಡುವುದಿಲ್ಲ. ಆದರೆ 2000 ವ್ಯಾಟಿನ ಹೀಟರು ಸುಮಾರು 9 ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ದೀಪ, ಫ್ಯಾನುಗಳಿಗೆ ಮೀಸಲಾದ ಸಣ್ಣ ಸಾಕೆಟ್ಟಿಗೆ ಅದನ್ನು ಜೋಡಿಸದೆ, 16 ಆಂಪಿಯರಿನ, ಭೂಸಂಪರ್ಕವುಳ್ಳ ಸಾಕೆಟ್ಟನ್ನೇ ಬಳಸಬೇಕು.

ಕೈತೋಟ

ಊರಿನಿಂದ ಜತನವಾಗಿ ತಂದು ಕುಂಡದಲ್ಲಿ ಬೆಳೆಸಿದ ಕರಿಬೇವು, ಮಲ್ಲಿಗೆ, ವೀಳ್ಯದೆಲೆಗಳು ಈ ಕಾಲದಲ್ಲಿ ಮುದುಡುತ್ತವೆ. ಕರಿಬೇವು ಎಲೆಯುದುರಿಸಿದರೆ ಸತ್ತಿತೆಂದು ಕಿತ್ತೆಸೆಯಬಾರದು; ಅದು ವಿಶ್ರಾಂತಿಯಲ್ಲಿರುತ್ತದೆ. ಮಣ್ಣಿನ ಮೇಲ್ಪದರ ಪೂರ್ಣವಾಗಿ ಒಣಗಿದ ಮೇಲಷ್ಟೇ ಸ್ವಲ್ಪ ನೀರೆರೆದು, ಗೊಬ್ಬರವನ್ನು ಫೆಬ್ರವರಿ ಕೊನೆಯವರೆಗೆ ನಿಲ್ಲಿಸಬೇಕು. ಕುಂಡಗಳನ್ನು ದಕ್ಷಿಣದ ಗೋಡೆಯ ಬಳಿಗೆ ಸರಿಸಿದರೆ ಹಗಲಲ್ಲಿ ಗೋಡೆ ಹೀರಿದ ಶಾಖವು ಇರುಳಲ್ಲಿ ಅವುಗಳಿಗೆ ದೊರೆಯುತ್ತದೆ.

ತುಳಸಿಯದು ಬೇರೆಯ ಮಾತು. ಕಡು ಚಳಿಗೆ ಅದು ಬಹುತೇಕ ಉಳಿಯುವುದಿಲ್ಲ. ಕಾರ್ತಿಕದ ತುಳಸಿ ಹಬ್ಬ ಮುಗಿದ ಮೇಲೆ ಒಣಗಿದ ಕದಿರುಗಳಿಂದ ಬೀಜವನ್ನು ಸಂಗ್ರಹಿಸಿಟ್ಟು ಮಾರ್ಚಿಯಲ್ಲಿ ಬಿತ್ತಿದರೆ ಅದೇ ವಂಶ ಮುಂದುವರಿಯುತ್ತದೆ.

ಆಕಾಶ ನಿರ್ಮಲವಾಗಿದ್ದು ಗಾಳಿ ನಿಂತ ಇರುಳಲ್ಲಿ ಇಬ್ಬನಿ ಹೆಪ್ಪುಗಟ್ಟುವ ಸಂಭವವಿದೆ. ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಹೆಚ್ಚು ತಣ್ಣಗಾಗುವುದೇ ಇದಕ್ಕೆ ಕಾರಣ. ಅಂಥ ಸಂಜೆ ಪಾತಿಗಳಿಗೆ ಹದವಾಗಿ ನೀರೆರೆಯಬೇಕು. ಒದ್ದೆ ಮಣ್ಣು ಒಣ ಮಣ್ಣಿಗಿಂತ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಎಳೆಯ ಗಿಡಗಳಿಗೆ ಗೋಣಿಯನ್ನೋ ಹುಲ್ಲನ್ನೋ ಹೊದಿಸಿ ಬೆಳಿಗ್ಗೆ ತೆಗೆಯಬೇಕು. ತೋಟದಲ್ಲಿ ಎಲೆ ಸುಟ್ಟು ಹೊಗೆ ಹಾಕುವ ಹಳೆಯ ಪದ್ಧತಿಯನ್ನು ಅನುಸರಿಸಬಾರದು. ದೆಹಲಿಯಲ್ಲಿ ಎಲೆ, ಕಸಗಳನ್ನು ಬಯಲಲ್ಲಿ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2015ರಲ್ಲಿ ನಿಷೇಧಿಸಿ, 5000 ರೂಪಾಯಿ ದಂಡ ವಿಧಿಸಲು ಆದೇಶಿಸಿತು. ಉದುರಿದ ಎಲೆಗಳನ್ನು ಗುಂಡಿಯಲ್ಲಿ ಮಣ್ಣಿನೊಡನೆ ಪದರ ಪದರವಾಗಿ ತುಂಬಿ ಗೊಬ್ಬರ ಮಾಡಿಕೊಳ್ಳಬಹುದು. ಮೆಂತ್ಯ, ಪಾಲಕ್, ಕೊತ್ತಂಬರಿ, ಬಟಾಣಿಗಳಿಗಂತೂ ಈ ಚಳಿಯೇ ಹಿತಕರ.

ಚಳಿಗೆ ಕಪ್ಪಾದ ರೆಂಬೆಗಳನ್ನು ಜನವರಿಯಲ್ಲೇ ಕತ್ತರಿಸಬಾರದು. ಆ ಒಣಗಿದ ತುದಿಗಳು ಒಳಗಿನ ಮೊಗ್ಗುಗಳಿಗೆ ಮರೆಯಾಗಿರುತ್ತವೆ. ಫೆಬ್ರವರಿ ಕೊನೆಯಲ್ಲಿ ತೊಗಟೆಯನ್ನು ಉಗುರಿನಿಂದ ತುಸು ಕೆರೆದು ನೋಡಿ, ಹಸಿರು ಕಾಣುವ ಕಡೆಯಿಂದ ಮೇಲಕ್ಕೆ ಕತ್ತರಿಸಿ ತೆಗೆಯಬೇಕು.