ಡೊಮೈನ್ ಹೆಸರಿನ ಅಕ್ರಮ ವರ್ಗಾವಣೆ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಆಯನೂರಿನ ಅಡಿಕೆ ವರ್ತಕರಾಗಲಿ, ಮಾಚೇನಹಳ್ಳಿಯ ಸಣ್ಣ ಕೈಗಾರಿಕೆಯವರಾಗಲಿ, ಜಾಲತಾಣ ಮಾಡಿಸುವಾಗ ಹೆಸರು ನೋಂದಾಯಿಸುವ ಕೆಲಸವನ್ನೂ ಜಾಲತಾಣ ಸಿದ್ಧಪಡಿಸುವವರಿಗೇ ಒಪ್ಪಿಸಿಬಿಡುವುದುಂಟು. ಹಣ ಅಂಗಡಿಯದು, ಪಾಸ್‌ವರ್ಡ್ ಮಾತ್ರ ಅವರದು. ಬಿಲ್ಲು, ಬೋರ್ಡು, ಚೀಲಗಳ ಮೇಲೆಲ್ಲ ಆ ಹೆಸರು ಅಚ್ಚಾಗುತ್ತದೆ. ದಾಖಲೆಯಲ್ಲಿ ಅದು ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಏಳುವುದು ಬಹುಮಟ್ಟಿಗೆ ಅದು ಕೈತಪ್ಪಿದ ಮೇಲೆಯೇ.

ಡೊಮೈನ್ ಹೆಸರನ್ನು ಯಾರೂ ಶಾಶ್ವತವಾಗಿ ಕ್ರಯಕ್ಕೆ ಪಡೆಯುವುದಿಲ್ಲ. ರಿಜಿಸ್ಟ್ರಾರ್ ಎಂಬ ಸಂಸ್ಥೆಯ ಮೂಲಕ ಒಂದರಿಂದ 10 ವರ್ಷಗಳ ಅವಧಿಗೆ ನೋಂದಾಯಿಸಿಕೊಳ್ಳಲಾಗುತ್ತದೆ. ರಿಜಿಸ್ಟ್ರಾರ್ ಗುರುತಿಸುವುದು ದಾಖಲೆಯಲ್ಲಿರುವ ನೋಂದಣಿದಾರನನ್ನು. ಶುಲ್ಕ ಯಾರ ಜೇಬಿನಿಂದ ಹೋಯಿತೆಂಬುದು ಅದಕ್ಕೆ ಸಂಬಂಧಿಸಿದ್ದಲ್ಲ.

ಇಂತಹ ಹೆಸರಿಗೆ ಕಾನೂನಿನ ರಕ್ಷಣೆ ಉಂಟೆಂಬುದು ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾದ ಮೊಕದ್ದಮೆಯೊಂದರಿಂದ ಸ್ಥಿರಪಟ್ಟಿತು. ಸತ್ಯಂ ಇನ್ಫೋವೇ ಸಂಸ್ಥೆ 1999ರಲ್ಲಿ ಸಿಫಿನೆಟ್.ಕಾಂ ಮೊದಲಾದ ಹೆಸರುಗಳನ್ನು ನೋಂದಾಯಿಸಿತ್ತು. ಅನಂತರ ಮತ್ತೊಂದು ಸಂಸ್ಥೆ ಒಂದಕ್ಷರವಷ್ಟೇ ಹೆಚ್ಚಿದ್ದ ಹೆಸರನ್ನು ಪಡೆದು ವ್ಯವಹಾರ ನಡೆಸಿತು. ಕೆಳ ನ್ಯಾಯಾಲಯ ನೀಡಿದ್ದ ತಾತ್ಕಾಲಿಕ ತಡೆಯಾಜ್ಞೆಯನ್ನು ಉಚ್ಚ ನ್ಯಾಯಾಲಯ ತೆಗೆದುಹಾಕಿತು. ಸರ್ವೋಚ್ಚ ನ್ಯಾಯಾಲಯ 2004ರ ಮೇ 6ರಂದು ಅದನ್ನು ಪುನಃ ಊರ್ಜಿತಗೊಳಿಸಿತು. ಟ್ರೇಡ್‌ಮಾರ್ಕಿನ ಲಕ್ಷಣಗಳು ಡೊಮೈನ್ ಹೆಸರಿಗೂ ಇವೆಯೆಂಬುದು ಆ ತೀರ್ಪಿನ ಸಾರ.

ಆದರೆ ಅಲ್ಲಿ ಮೂಲ ಹೆಸರು ಮೂಲ ಸಂಸ್ಥೆಯ ಕೈಯಲ್ಲೇ ಇತ್ತು. ಅಕ್ರಮ ವರ್ಗಾವಣೆಯಲ್ಲಿ ಹೆಸರೇ ಹೊರಟುಹೋಗುತ್ತದೆ, ಅದರೊಡನೆ ಗಿರಾಕಿಗಳ ಇ-ಮೇಲ್ ಕೂಡ. 2005ರ ಜನವರಿಯ ಒಂದು ವಾರಾಂತ್ಯದಲ್ಲಿ ನ್ಯೂಯಾರ್ಕಿನ ಪ್ಯಾನಿಕ್ಸ್ ಎಂಬ ಅಂತರ್ಜಾಲ ಸೇವಾ ಸಂಸ್ಥೆಯ ಹೆಸರು ಅದಕ್ಕೆ ಅರಿವಿಲ್ಲದಂತೆ ಆಸ್ಟ್ರೇಲಿಯಾದ ರಿಜಿಸ್ಟ್ರಾರ್ ಒಂದಕ್ಕೆ ವರ್ಗವಾಯಿತು; ಇ-ಮೇಲ್ ಕೆನಡಾದತ್ತ ತಿರುಗಿತು. ರಜಾದಿನವಾದ್ದರಿಂದ ಅತ್ತ ದೂರು ಕೇಳುವವರು ಸಿಗುವುದೇ ಕಷ್ಟವಾಯಿತು. ಅಂತರ್ಜಾಲವೇ ಕಸುಬಾದವರ ಪಾಡು ಇದು.

ವರ್ಗಾವಣೆಗೆ ಎರಡು ಅಡೆತಡೆಗಳಿವೆ. ಮೊದಲನೆಯದು ಲಾಕ್. ಅದು ಇರುವವರೆಗೆ ಹೆಸರು ಬೇರೆ ರಿಜಿಸ್ಟ್ರಾರ್‌ಗೆ ಹೋಗದು. ಎರಡನೆಯದು ಹಾಲಿ ರಿಜಿಸ್ಟ್ರಾರ್ ನೀಡುವ ಗುಪ್ತ ಸಂಕೇತ. ಇವೆರಡೂ ದಾಟಿದರೆ .ಕಾಂ ಹೆಸರುಗಳ ವಿಷಯದಲ್ಲಿ ಐದು ದಿನಗಳ ಕಾಲಾವಕಾಶವಿದೆ. ಅಷ್ಟರಲ್ಲಿ ಆಕ್ಷೇಪಣೆ ಬಾರದಿದ್ದರೆ ಒಪ್ಪಿಗೆಯೆಂದೇ ಭಾವಿಸಲಾಗುತ್ತದೆ. ಕೊಯ್ಲಿನ ಕಾಲದಲ್ಲಿ ಐದು ದಿನ ಇ-ಮೇಲ್ ನೋಡದ ವರ್ತಕರು ಎಷ್ಟಿಲ್ಲ!

ಲಾಕ್ ತೆರೆಯುವುದೂ ಸಂಕೇತ ಪಡೆಯುವುದೂ ರಿಜಿಸ್ಟ್ರಾರ್ ಬಳಿಯ ಖಾತೆಯಿಂದ. ಆ ಖಾತೆಯ ಪಾಸ್‌ವರ್ಡ್ ಬದಲಿಸಲು ಬೇಕಾದದ್ದು ದಾಖಲೆಯಲ್ಲಿರುವ ಇ-ಮೇಲ್. ಆದ್ದರಿಂದ ನಿಜವಾದ ಬೀಗದ ಕೈ ಆ ಇ-ಮೇಲ್ ವಿಳಾಸವೇ. ಕೆಲಸ ಬಿಟ್ಟುಹೋದ ಗುಮಾಸ್ತರ ವಿಳಾಸ ಅಲ್ಲಿ ಉಳಿದಿದ್ದರೆ ಲಾಕ್ ಇದ್ದೂ ಇಲ್ಲದಂತೆ. ಅದೇ ಡೊಮೈನಿನ ವಿಳಾಸವನ್ನು ಕೊಡುವುದೂ ತರವಲ್ಲ. ಹೆಸರು ಹೋದರೆ ಎಚ್ಚರಿಕೆಯ ಪತ್ರವೂ ಕಳ್ಳನ ಕೈಗೇ ತಲುಪುತ್ತದೆ. ಮಾಲೀಕರದೇ ಪ್ರತ್ಯೇಕ ವಿಳಾಸವಿದ್ದು, ಪಾಸ್‌ವರ್ಡಿನೊಡನೆ ಮೊಬೈಲಿನ ಎರಡನೇ ಪರಿಶೀಲನೆಯೂ ಇರಬೇಕು.

ಹೆಸರು ಹೋಗಿದೆಯೆಂದು ತಿಳಿದ ದಿನವೇ ಹಳೆಯ ರಿಜಿಸ್ಟ್ರಾರ್‌ಗೆ ಬರೆಯಬೇಕು. ವರ್ಗಾವಣೆಯ ನಿಯಮಭಂಗದ ವಿವಾದವನ್ನು ಹೂಡಬಲ್ಲದ್ದು ರಿಜಿಸ್ಟ್ರಾರ್ ಮಾತ್ರ, ಅದೂ 12 ತಿಂಗಳೊಳಗೆ. ಪಾಸ್‌ವರ್ಡ್ ದುರ್ಬಳಕೆಯಾಗಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನ ಅನ್ವಯ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ದೂರನ್ನು ಶಿವಮೊಗ್ಗದ ಸಿ.ಇ.ಎನ್. ಪೊಲೀಸ್ ಠಾಣೆಗೆ ನೀಡಬಹುದು. .ಇನ್ ಹೆಸರುಗಳಿಗೆ ನಿಕ್ಸಿ ಸಂಸ್ಥೆಯ ಪಂಚಾಯ್ತಿ ವ್ಯವಸ್ಥೆಯಿದೆ. ಅಲ್ಲಿ ಹೆಸರಿನ ಮೇಲಿನ ಹಕ್ಕನ್ನು ತೋರಿಸಬೇಕಾದ್ದರಿಂದ ಟ್ರೇಡ್‌ಮಾರ್ಕ್ ನೋಂದಣಿ ಪತ್ರ ನೆರವಿಗೆ ಬರುತ್ತದೆ.

ಕಳ್ಳತನವೇ ಇಲ್ಲದೆ ಹೆಸರು ಹೋಗುವ ದಾರಿ ನವೀಕರಣ ಮರೆಯುವುದು. .ಕಾಂ ಹೆಸರು ಅವಧಿ ಮೀರಿ ರದ್ದಾದ ಮೇಲೂ 30 ದಿನ ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಅನಂತರದ ಐದು ದಿನ ಏನನ್ನೂ ಮಾಡಲಾಗದು. ಆರನೆಯ ದಿನ ಅದು ಮೊದಲು ಕೇಳಿದವರ ಪಾಲು.