ಕಂಡದ್ದನ್ನಷ್ಟೇ ಬರೆಯಿರಿ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮರುವಾರ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಆರೂವರೆಗೆ ನಾವು ಒಂಬತ್ತು ವಿದ್ಯಾರ್ಥಿಗಳು ಜೀವಶಾಸ್ತ್ರದ ಸರ್ ಜೊತೆ ಕೆರೆ ಏರಿಯ ಮೇಲೆ ಸೇರಿದೆವು. ಇದ್ದದ್ದು ಎರಡೇ ಬೈನಾಕ್ಯುಲರ್. ಹುಡುಕಬೇಕಿದ್ದದ್ದು ಉಲಿಯಕ್ಕಿಗಳನ್ನು, ಅಂದರೆ ವಾರ್ಬ್ಲರ್‌ಗಳನ್ನು.

ಇವು ಗುಬ್ಬಚ್ಚಿಗಿಂತ ಚಿಕ್ಕವು, ಹುಳು ತಿಂದು ಬದುಕುವಂಥವು. ಬಣ್ಣ ಎಲೆಯದು, ಇಲ್ಲವೇ ಒಣಹುಲ್ಲಿನದು. ಒಂದು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ. ಗುರುತಿಸಲು ಸರ್ ಮೂರು ಪ್ರಶ್ನೆ ಹೇಳಿಕೊಟ್ಟರು: ಎಲ್ಲಿದೆ? ಹೇಗೆ ಕೂಗುತ್ತದೆ? ಹುಬ್ಬು, ರೆಕ್ಕೆ, ಬಾಲ ಹೇಗಿವೆ?

ಮರದ ಎತ್ತರದ ಕೊಂಬೆಗಳಲ್ಲಿ ‘ಚಿ-ವೀ’ ಎನ್ನುವುದು ಹಸಿರು ಉಲಿಯಕ್ಕಿ. ಕಣ್ಣಿನ ಮೇಲೆ ಮಾಸಲು ಹಳದಿ ಹುಬ್ಬು, ರೆಕ್ಕೆಯಲ್ಲಿ ಒಂದು ತೆಳು ಗೆರೆ, ತೂಕ ಸುಮಾರು 8 ಗ್ರಾಂ. ಪೊದೆಯೊಳಗೆ ಅಡಗಿ ‘ಚಕ್, ಚಕ್’ ಎನ್ನುವ ಕಂದು ಹಕ್ಕಿ ಬ್ಲೈತ್ ಜೊಂಡು ಉಲಿಯಕ್ಕಿ. ಬಾಲ ನಿಗುರಿಸಿಕೊಂಡು ಗಟ್ಟಿಯಾಗಿ ಕೂಗುವ, ಕೆಂಗಂದು ನೆತ್ತಿಯದು ಸಿಂಪಿಗ. ಸಿಂಪಿಗ ವರ್ಷವಿಡೀ ನಮ್ಮಲ್ಲೇ ಇರುತ್ತದೆ. ಮೊದಲಿನ ಎರಡು ವಲಸೆಗಾರರು. ಮಳೆಗಾಲ ಮುಗಿಯುವಾಗ ಬಂದು, ವಸಂತದಲ್ಲಿ ಹಿಮಾಲಯ, ಮಧ್ಯ ಏಷ್ಯಾದ ಕಡೆಗೆ ಗೂಡು ಕಟ್ಟಲು ಮರಳುತ್ತವೆ. ಹೊರಡುವ ಮೊದಲು ಹುಳು ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುತ್ತವೆ. ದಾರಿಗೆ ಅದೇ ಬುತ್ತಿ. ಈ ತಿಂಗಳು ಬೇಲಿಯ ಪೊದೆ ಸವರಿದರೆ ಆ ಬುತ್ತಿಯನ್ನೇ ಕಸಿದಂತೆ.

ಹೊಂಗೆ ಮರದಿಂದ ‘ಚಿ-ವೀ’ ಕೇಳಿಸಿತು. ನಾವು ಎಂಟು ಜನ ಹುಬ್ಬು, ರೆಕ್ಕೆಯ ಗೆರೆ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆವು. ಒಬ್ಬ ಗೆಳತಿ ಮಾತ್ರ ‘ಕೇಳಿದೆ, ನೋಡಲಿಲ್ಲ’ ಎಂದು ಬರೆದಿದ್ದಳು. ಕೆಲವರು ನಕ್ಕರು. ಸರ್ ಅವಳ ಸಾಲನ್ನೇ ಗಟ್ಟಿಯಾಗಿ ಓದಿ, “ಇವತ್ತಿನ ಸರಿಯಾದ ದಾಖಲೆ ಇದು” ಎಂದರು. ನಿಜ ಹೇಳಬೇಕೆಂದರೆ ನಾನು ಕಂಡದ್ದು ಅಲುಗಿದ ಒಂದು ಎಲೆಯನ್ನು ಮಾತ್ರ. ಬರೆದದ್ದನ್ನು ಹೊಡೆದು ಹಾಕಿದೆ.

ವಾಪಸು ಬರುವಾಗ ಸರ್ ಸಲೀಂ ಅಲಿಯವರ ಕಥೆ ಹೇಳಿದರು. 1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು, ಬಾಲಕನಾಗಿದ್ದಾಗ ತಾನು ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡರು. ಯಾವ ಹಕ್ಕಿಯೆಂದು ತಿಳಿಯಲಿಲ್ಲ. ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದರು. ಅವರ ಪಕ್ಷಿ ಅಧ್ಯಯನ ಅಲ್ಲಿಂದ ಶುರುವಾಯಿತು. 1941ರಲ್ಲಿ ಅವರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಹೊರಬಂತು. ಗೊತ್ತಿಲ್ಲ ಎಂದು ಒಪ್ಪಿಕೊಂಡವನಿಗೇ ಕೇಳಲು ಪ್ರಶ್ನೆ ಇರುತ್ತದೆ.

ನೀವೂ ಮಾಡಿ ನೋಡಿ: ನಾಳೆ ಬೆಳಿಗ್ಗೆ ಮನೆ ಹತ್ತಿರದ ಒಂದು ಮರದ ಕೆಳಗೆ ಹದಿನೈದು ನಿಮಿಷ ನಿಲ್ಲಿ. ಪುಟದಲ್ಲಿ ‘ನೋಡಿದ್ದು’, ‘ಕೇಳಿದ್ದು’, ‘ಗೊತ್ತಾಗದ್ದು’ ಎಂಬ ಮೂರು ಕಾಲಂ ಎಳೆಯಿರಿ. ಮೂರನೆಯದು ಖಾಲಿ ಉಳಿದರೆ ಇನ್ನೊಮ್ಮೆ ನೋಡಿ.