ದರ ಇಳಿಯಿತೆಂದು ಟಿಕೆಟ್ ಕ್ಯಾನ್ಸಲ್ ಮಾಡುವ ಮುನ್ನ

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕಡೆಯವರಿಗೆ ವಿಮಾನ ಅಂದರೆ ಬಹುಮಟ್ಟಿಗೆ ಹೈದರಾಬಾದಿನ ಶಂಷಾಬಾದ್. ಕಲಬುರಗಿಯಲ್ಲಿ 2019ರಲ್ಲಿ ನಿಲ್ದಾಣವಾಯಿತು, ತೋರಣಗಲ್ಲಿನ ಪಕ್ಕ ವಿದ್ಯಾನಗರದಲ್ಲೂ ಒಂದಿದೆ. ಆದರೂ ದೂರದೂರಿಗೆ ಹೋಗಬೇಕೆಂದರೆ ರಾಯಚೂರು, ಮಹಬೂಬ್‌ನಗರ ದಾಟಿ ಶಂಷಾಬಾದಿಗೇ ನಡೆಯಬೇಕು. ಟಿಕೆಟ್ ಮಾಡಿಸುವುದು ಪರಿಚಯದ ಆನ್‌ಲೈನ್ ಸೆಂಟರಿನಲ್ಲಿ. ಕೆಲವು ದಿನ ಬಿಟ್ಟು ಮನೆಯ ಹುಡುಗ ಮೊಬೈಲ್ ತೋರಿಸುತ್ತಾನೆ: “ಅದೇ ವಿಮಾನಕ್ಕ ಈಗ ಒಂದೂವರೆ ಸಾವಿರ ಕಡಿಮಿ ಐತಿ. ಕ್ಯಾನ್ಸಲ್ ಮಾಡಿ ಹೊಸದು ತಗೀರಿ.”

ತಡೆಯಿರಿ. ಮೊದಲು ಟಿಕೆಟ್ಟಿನೊಳಗೆ ಏನೇನಿದೆ ನೋಡೋಣ. ಮೂಲ ದರ ಒಂದು ಭಾಗ. ತೆರಿಗೆ, ನಿಲ್ದಾಣದ ಶುಲ್ಕ ಇನ್ನೊಂದು ಭಾಗ. ಕ್ಯಾನ್ಸಲ್ ಮಾಡಿದಾಗ ಕಂಪನಿ ತನ್ನ ರದ್ದತಿ ಶುಲ್ಕವನ್ನು ಮೂಲ ದರದಿಂದ ಮುರಿದುಕೊಳ್ಳುತ್ತದೆ. ಎಪಿಎಂಸಿಯಲ್ಲಿ ಭತ್ತದ ಧಾರಣೆ ಬೇರೆ, ಹಮಾಲಿ ಗಿಮಾಲಿ ಕಳೆದು ಕೈಗೆ ಬರುವುದು ಬೇರೆ ಅಲ್ಲವೇ, ಹಾಗೆ.

ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಬಂಗಾಳಿ ಕುಟುಂಬವೊಂದು ಕೋಲ್ಕತ್ತಕ್ಕೆ ಹೊರಟಿದೆ ಅನ್ನಿ, ನಾಲ್ಕು ಜನ. ಲೆಕ್ಕಕ್ಕೆ ಒಬ್ಬರ ಟಿಕೆಟ್ 6,200 ರೂಪಾಯಿ ಇರಲಿ: ಮೂಲ ದರ 5,200, ಉಳಿದ 1,000 ತೆರಿಗೆ ಮತ್ತು ಶುಲ್ಕ. ರದ್ದತಿ ಶುಲ್ಕ 4,000 ಆದರೆ ವಾಪಸ್ ಬರುವುದು 2,200. ಹೊಸ ಟಿಕೆಟ್ 4,700ಕ್ಕೆ ಸಿಕ್ಕರೂ ಕೈಯಿಂದ 2,500 ಸೇರಿಸಬೇಕು. ಶುಲ್ಕ ತಲೆಗೊಂದರಂತೆ, ಆದ್ದರಿಂದ ನಾಲ್ವರಿಗೆ ಹತ್ತು ಸಾವಿರ ನಷ್ಟ! ದರ ಇಳಿದದ್ದು ರದ್ದತಿ ಶುಲ್ಕಕ್ಕಿಂತ ಹೆಚ್ಚಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಿ. ದೇಶದೊಳಗಿನ ಅಗ್ಗದ ಟಿಕೆಟ್ಟಿನಲ್ಲಿ ಅದು ಅಪರೂಪ.

“ದಿನಾಂಕ ಬದಲಿಸಿದರೆ?” ಎಂದು ಕೇಳುವವರಿದ್ದಾರೆ. ಅದಕ್ಕೂ ಶುಲ್ಕವಿದೆ. ಹೊಸ ದರ ಹೆಚ್ಚಿದ್ದರೆ ವ್ಯತ್ಯಾಸ ಕಟ್ಟಿಸಿಕೊಳ್ಳುತ್ತಾರೆ, ಕಡಿಮೆ ಇದ್ದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಅಮೆರಿಕದಲ್ಲಿರುವ ಮಗ “ಇಲ್ಲಿ ಬದಲಿಸಿದರೆ ದುಡ್ಡು ಕ್ರೆಡಿಟ್ ಆಗಿ ಸಿಗುತ್ತದೆ” ಅಂದರೆ ಅವನು ಸುಳ್ಳು ಹೇಳುತ್ತಿಲ್ಲ. 2020ರಲ್ಲಿ ಯುನೈಟೆಡ್, ಡೆಲ್ಟಾ, ಅಮೆರಿಕನ್ ಕಂಪನಿಗಳು ಅಲ್ಲಿನ ದೇಶೀಯ ಪ್ರಯಾಣದ ಹೆಚ್ಚಿನ ಟಿಕೆಟ್‌ಗಳಿಗೆ ಬದಲಾವಣೆ ಶುಲ್ಕವನ್ನೇ ತೆಗೆದುಹಾಕಿದವು. ಆ ಲೆಕ್ಕ ನಮ್ಮ ಹೈದರಾಬಾದ್–ದೆಹಲಿ ಟಿಕೆಟ್ಟಿಗೆ ಕೂಡಿಬರುವುದಿಲ್ಲ.

ನಮಗೂ ಒಂದು ಒಳ್ಳೆಯ ಕಿಂಡಿ ಇದೆ, ಬಹಳ ಜನ ಬಳಸುವುದೇ ಇಲ್ಲ. ವಿಮಾನಯಾನದ ಮೇಲ್ವಿಚಾರಣೆ ನಡೆಸುವ ಡಿಜಿಸಿಎ ನಿಯಮದ ಪ್ರಕಾರ, ಪ್ರಯಾಣಕ್ಕೆ ಏಳು ದಿನಕ್ಕಿಂತ ಹೆಚ್ಚು ಸಮಯವಿದ್ದಾಗ ದೇಶದೊಳಗಿನ ಟಿಕೆಟ್ ಕೊಂಡರೆ ಕನಿಷ್ಠ 24 ಗಂಟೆ ಶುಲ್ಕವಿಲ್ಲದೆ ರದ್ದು ಮಾಡಬಹುದು. ಈ ಅವಧಿಯನ್ನು 48 ಗಂಟೆಗೆ ಏರಿಸುವ ಕರಡನ್ನು ಡಿಜಿಸಿಎ 2025ರ ನವೆಂಬರ್‌ನಲ್ಲಿ ಹೊರಡಿಸಿತು. ಆದ್ದರಿಂದ ದರ ತುಲನೆ ಮಾಡುವ ಚಟವಿದ್ದರೆ ಟಿಕೆಟ್ ಕೊಂಡ ಆ ಒಂದು ದಿನ ಮಾಡಿ, ಆಮೇಲೆ ಮೊಬೈಲ್ ಬದಿಗಿಡಿ. ಕಡಿಮೆ ದರ ಕಂಡರೆ ಮೊದಲು ಹೊಸದನ್ನು ಕೊಳ್ಳಿ, ಅದು ಖಾತ್ರಿಯಾದ ಮೇಲೆ ಹಳೆಯದನ್ನು ರದ್ದು ಮಾಡಿ. ತಿರುಗುಮುರುಗು ಮಾಡಿದರೆ ನಡುವೆ ದರ ಏರಿ ಎರಡೂ ಕೈತಪ್ಪಬಹುದು.

ಇನ್ನೊಂದು ಹಕ್ಕು ಗೊತ್ತಿರಲಿ. ರದ್ದತಿ ಶುಲ್ಕ ಎಷ್ಟೇ ಇದ್ದರೂ ಮೂಲ ದರ ಮತ್ತು ಇಂಧನ ಶುಲ್ಕವನ್ನು ಮೀರುವಂತಿಲ್ಲ. ಮನೆಯಲ್ಲಿ ಜ್ವರ ಬಂದು ಯಾರೂ ಹೋಗಲೇ ಇಲ್ಲ ಅನ್ನಿ, ಆಗಲೂ ಸರ್ಕಾರಿ ತೆರಿಗೆ, ನಿಲ್ದಾಣದ ಶುಲ್ಕ ಮರಳಿ ಬರಬೇಕು, “ವಾಪಸ್ ಇಲ್ಲ” ಎಂದು ಮಾರಿದ ಟಿಕೆಟ್ಟಿಗೂ. ಕೇಳದವರಿಗೆ ಅದು ಎಷ್ಟೋ ಸಲ ಬರುವುದೇ ಇಲ್ಲ. ಕಂಪನಿಯೇ ವಿಮಾನ ರದ್ದು ಮಾಡಿದರಂತೂ ಪೂರ್ತಿ ಹಣವೋ ಬೇರೆ ವಿಮಾನವೋ, ಆಯ್ಕೆ ನಿಮ್ಮದು.

ಸೆಂಟರಿನಲ್ಲಿ ಟಿಕೆಟ್ ಮಾಡಿಸುವಾಗ ಫೋನ್ ನಂಬರ್, ಇಮೇಲ್ ನಿಮ್ಮದನ್ನೇ ಕೊಡಿ. ಸೆಂಟರಿನವರ ನಂಬರ್ ಇದ್ದರೆ ವಿಮಾನದ ಸಮಯ ಬದಲಾದ ಸಂದೇಶವೂ ಅವರಿಗೇ ಹೋಗುತ್ತದೆ. ಹಣ ಯಾವ ಖಾತೆಯಿಂದ ಹೋಗಿತ್ತೋ ಅಲ್ಲಿಗೇ ಮರಳುತ್ತದೆ, ಎಂದರೆ ಅವರ ಖಾತೆಗೆ. ರದ್ದು ಮಾಡಿಸಿದ ದಿನವೇ ಎಷ್ಟು ಬರಬೇಕು ಎಂದು ತೋರಿಸುವ ಚೀಟಿಯ ಪ್ರಿಂಟ್ ಕೇಳಿ ತಗೊಳ್ಳಿ.